ಗೈಡ್ ನಂಬರ್ ಹದಿನೇಳು

ಏಪ್ರಿಲ್ಲಿನ ಮಧ್ಯಾಹ್ನ. ಬೆಳಗೊಳಕ್ಕೆ ಹೊರಟ ಯಾತ್ರೆಯ ಬಸ್ಸು
ಎಂಜಿನ್ನು ಕುದಿದು ಹಳೇಬೀಡಲ್ಲಿ ನಿಂತಿತು.
ಯಾತ್ರಿಗಳೆಲ್ಲ ಬಸದಿಹಳ್ಳಿಯ ಕಡೆ ನಡೆದರು,
ನುಣುಪು ಕಂಬದಲ್ಲಿ ಮುಖ ನೋಡಿಕೊಳ್ಳಲು.
ಅಡಿಗೆಯವನೊಬ್ಬ ಪಾತ್ರೆ ಹೊತ್ತು ಕೆರೆಗಿಳಿದ.

ಇಳಿದವನು ನೀರಿಗೆ ಬೆನ್ನು ಹಾಕಿ ಕೂತು
ದಂಡೆಯ ಮರಳನ್ನು ಹಿಡಿ ಹಿಡಿ ತುಂಬಿ
ಒಣಗೈಯಲ್ಲೇ ತಿಕ್ಕಿದ. ತಪ್ಪಲೆ ಹೊಳೆಯಿತು.
ನೀರು ಅಲ್ಲೇ ಇದೆಯಲ್ಲ ಮಾರಾಯ, ಅಂದೆ ಹರಕು ಹಿಂದಿಯಲ್ಲಿ.
"ಇದೆ. ಅದಕ್ಕೇ ನಾಚಿಕೆ."

ಹೆಸರು ಸವಾಯಿರಾಮ. ಜೈಸಲ್ಮೇರಿನಾಚೆ, ಸಮ್ ದಿಬ್ಬಗಳಲ್ಲಿ
ಚಳಿಗಾಲವಿಡೀ ಒಂಟೆ ನಡೆಸುತ್ತಾನೆ,
ಮರಳು ಕಾದಾಗ ಬಸ್ಸಿನ ಸೌಟು ಹಿಡಿಯುತ್ತಾನೆ.
ಒಂಟೆಗೆ ಎರಡು ಹೆಸರು: ಮನೆಯಲ್ಲಿ ಲಾಡಲೀ,
ಪ್ರವಾಸಿಗಳ ಮುಂದೆ ರಾಕೆಟ್.
ನನಗೂ ಎರಡು, ಅಂದೆ. ಮನೆಯಲ್ಲಿ ಸಣ್ಣಾಚಾರಿ,
ಬ್ಯಾಡ್ಜಿನಲ್ಲಿ ಗೈಡ್ ನಂಬರ್ ಹದಿನೇಳು.
ನಕ್ಕೆವು. ಒಂದೇ ಕಸುಬಿನವರ ನಗು,
ಕಮಿಷನ್ನಿನ ಲೆಕ್ಕವೂ ಅದರೊಳಗಿತ್ತು.

"ಈ ಕೆರೆಗೇನು ಹೆಸರು?"
ದೋರಸಮುದ್ರ.
"ಸಮುದ್ರ!" ಬೆಲ್ಲದ ಚೂರಿನ ಹಾಗೆ ಬಾಯೊಳಗೆ ಹೊರಳಿಸಿದ.
ಅವನ ಸೀಮೆಯಲ್ಲಿ ಕಲ್ಲು ಒಡೆದರೆ ಚಿಪ್ಪು ಸಿಗುತ್ತದಂತೆ.
ಆಕಲ್ ಎಂಬಲ್ಲಿ ಮರದ ಬೊಡ್ಡೆಗಳು ಕಲ್ಲಾಗಿ ಮಲಗಿವೆ,
ಬೇಲಿಯೊಳಗೆ, ಟಿಕೆಟ್ಟಿಗೆ.
"ನೀವು ಕೆರೆ ಕಟ್ಟಿ ಸಮುದ್ರ ಅಂದಿರಿ.
ನಾವು ಸಮುದ್ರ ಕಳಕೊಂಡು ನೂರು ಮೊಳದ ಹಗ್ಗ ಹೊಸೆದೆವು."

ಆಮೇಲೆ ಸರಾಗ ಹೇಳುತ್ತಾ ಹೋದ, ಗೈಡಿನ ರಾಗದಲ್ಲೇ:
ಸಿಂಧಿನ ಕಡೆ ಹೋಗುತ್ತಿದ್ದ ಒಂಟೆಗಳ ಸಾಲು,
ಅಫೀಮು, ರೇಷ್ಮೆ, ಒಣದ್ರಾಕ್ಷಿ, ಸುಂಕ.
ಮುಂಬೈಗೆ ಹಡಗು ಬಂತು, ಸಾಲು ತೆಳುವಾಯಿತು,
ಗಡಿಗೆ ತಂತಿ ಬಂತು, ದಾರಿ ನಡುವೆಯೇ ನಿಂತಿತು.
ಉಳಿದದ್ದು ಹವೇಲಿಯ ಜಾಲಂಧ್ರ, ಅದರ ಫೋಟೊ.
ಮತ್ತೆ ಕುಲಧರಾ, ಒಂದೇ ರಾತ್ರಿಗೆ ಖಾಲಿಯಾಯಿತೆನ್ನುವ ಊರು.
ಯಾಕೆ ಖಾಲಿಯಾಯಿತು?
"ಪರದೇಶದವರಿಗೆ ಶಾಪ. ದೆಹಲಿಯವರಿಗೆ ದಿವಾನನ ಕೆಟ್ಟ ಕಣ್ಣು.
ಮಕ್ಕಳು ಬಂದರೆ ದೆವ್ವ."
ನಿನಗೆ?
ತಪ್ಪಲೆ ಮಗುಚಿದ. "ಬಾವಿ ಬತ್ತಿರಬೇಕು."

ಹಳೇಬೀಡು ಅಂದರೆ ಹಾಳಾದ ಹಳೆಯ ಊರು, ಅಂದೆ.
ದೆಹಲಿಯ ಕುದುರೆಗಳು ಇಲ್ಲಿಗೂ ಬಂದಿದ್ದವು.
"ನಮ್ಮ ಕೋಟೆಗೂ. ಅದೇ ಲಾಯದವು ಇರಬೇಕು."
ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದೆವು, ನೆಂಟರ ಸಾವಿನ ಸುದ್ದಿ
ತಡವಾಗಿ ಕೇಳಿದವರ ಹಾಗೆ.

"ಆದರೂ ನಿನ್ನ ಕಷ್ಟ ದೊಡ್ಡದು. ಕಲ್ಲು ನಿಂತಲ್ಲೇ ನಿಲ್ಲುತ್ತೆ,
ನಿನ್ನೆಯ ಸುಳ್ಳಿಗೆ ನಾಳೆಯೂ ಅಲ್ಲೇ ಬೆರಳು ತೋರಿಸಬೇಕು.
ನನ್ನ ದಿಬ್ಬ ರಾತ್ರಿ ನಡೆದುಬಿಡುತ್ತೆ."
ಎದ್ದ. ಕೈ ಒರೆಸಿಕೊಂಡ.
"ನಿಮ್ಮ ಗೋಡೆಯಲ್ಲಿ ಒಂಟೆ ಎಲ್ಲಿದೆ, ತೋರಿಸು."

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಆನೆ ಸಾಲು, ಸಿಂಹ, ಬಳ್ಳಿ, ಕುದುರೆ, ಮಕರ, ಹಂಸ,
ಪೂರ್ತಿ ಸುತ್ತು ಬಂದೆವು. ಕಾದ ಜಗಲಿಯ ಮೇಲೆ
ನಾನು ಕುಪ್ಪಳಿಸುತ್ತಿದ್ದೆ, ಅವನು ಬರಿಗಾಲಲ್ಲಿ
ಮನೆಯಂಗಳದಲ್ಲಿ ನಡೆದ ಹಾಗೆ ನಡೆದ.
ನೈಋತ್ಯದ ಮೂಲೆಯಲ್ಲಿ ಒಂದು ಮುಕ್ಕಾದ ಕಲ್ಲು:
ಮೂತಿಯಿಲ್ಲ, ಕತ್ತು ಅರ್ಧ.
ಇದು ಕುದುರೆ, ಅಂದೆ, ಬಾಯಿಪಾಠ.
ಅವನು ಕುಕ್ಕರುಗಾಲಲ್ಲಿ ಕೂತು ಮಂಡಿ ಮುಟ್ಟಿದ.
"ಕುದುರೆ ಮುಂಗಾಲು ಮೊದಲು ಏಳುತ್ತೆ. ಇದರ ಹಿಂಗಾಲು ನೋಡು.
ಏಳುತ್ತಿದೆ. ಬೆನ್ನ ಮೇಲೆ ಭಾರವಿದೆ."
ನಾಲಿಗೆಯಲ್ಲಿ ಲೊಚ್ಚೆಂದು ಸದ್ದು ಮಾಡಿದ, ಒಂಟೆಯನ್ನು ಎಬ್ಬಿಸುವ ಸದ್ದು.
ಅಷ್ಟರಲ್ಲಿ ಬಸ್ಸು ಹಾರ್ನು ಹೊಡೆಯಿತು,
ಪಾತ್ರೆ ಅಲ್ಲೇ ಇದ್ದವು, ಓಡಿದ.

ಮಾರನೆಯ ದಿನ ತಿಪಟೂರಿನ ಶಾಲೆಯ ಮಕ್ಕಳು.
ಆ ಮೂಲೆಗೆ ಬಂದಾಗ ಕುದುರೆ ಎಂಬ ಮಾತು
ಗಂಟಲಲ್ಲೇ ಮುಂಗಾಲು ಮಡಚಿಕೊಂಡಿತು.
ಏಳುತ್ತಿದೆ ನೋಡಿ, ಅಂದೆ, ಅಷ್ಟೆ.
"ಯಾವುದು ಸಾರ್?" ಅಂದಳು ಎರಡು ಜಡೆಯ ಹುಡುಗಿ.
ಕಾಲು ನೋಡಿ ನೀನೇ ಹೇಳವ್ವ.