ಮಧ್ಯದ್ದನ್ನು ಎರಡು ಸಲ

ಮೊದಲು ಗಾಲಿಯನ್ನು ಹೊರಗೆ ತೆಗೆಯಬೇಕು.
ತಳದ ಬಿರಡೆ ಸಡಿಲಿಸಿದ್ದೇ ತಡ
ಉಮ್ ಅಲ್ ಕುವೈನಿನ ಹಿನ್ನೀರು
ಮೊಣಕೈವರೆಗೆ ನೆಗೆಯುತ್ತದೆ ಬೋಟಿನೊಳಗೆ,
ಆಗಸ್ಟಿನ ನೀರು, ಆರಿದ ಚಹಾದಷ್ಟು ಬೆಚ್ಚಗೆ.
ಕುರುಡು ಬಿರಡೆ ಒತ್ತಿ ಹಿಡಿದು
ಲೆಕ್ಕ ಹಾಕುತ್ತೇನೆ: ಒಂದು ಬಕೆಟ್. ಒಂದೂವರೆ.

ಹೆಬ್ಬೆರಳಿನಷ್ಟು ಗಾಲಿ, ನಾಲ್ಕು ರೆಕ್ಕೆ.
ಸಂದಿಯಲ್ಲಿ ಸಂಸಾರ ಹೂಡಿದ ಬಿಳಿ ಚಿಪ್ಪುಗಳನ್ನು
ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಒಂದೊಂದಾಗಿ ಎಬ್ಬಿಸಿ
ವಿನೆಗರಿನಲ್ಲಿ ಅದ್ದಿ, ಊದಿದೆ.
ತಿರುಗಿತು.
ಇಷ್ಟು ಸಣ್ಣದರ ಮಾತು ಕೇಳಿ
ಒಬ್ಬ ಮನುಷ್ಯನನ್ನು ವಿಮಾನ ಹತ್ತಿಸಿದ್ದರು.

ಅರ್ಧ ಮೈಲಿಯ ಗೆರೆ ನೀರಿನ ಮೇಲೆ ಇರುವುದಿಲ್ಲ,
ದಡದಿಂದ ಸಾಲ ತರಬೇಕು:
ಮಿನಾರಿನ ಹಿಂದೆ ಮೊಬೈಲ್ ಟವರ್ ಅಡಗಿದರೆ ಶುರು,
ನೀರಿನ ಟ್ಯಾಂಕಿಗೆ ಐಸ್ ಫ್ಯಾಕ್ಟರಿಯ ಮೂಲೆ ತಾಗಿದರೆ ಮುಗಿತು.
ಚುಕ್ಕಾಣಿ ಹಿಡಿದವ ದಾದ್ ರಹೀಮ್, ಮಕ್ರಾನಿನ ಬಲೂಚಿ;
ನಮ್ಮಿಬ್ಬರ ನಡುವೆ ಮುರುಕು ಹಿಂದಿ.
ಎಂಜಿನ್ ಮುಟ್ಟಬೇಡ, ಎನ್ನುತ್ತೇನೆ.
ಹದಿನೆಂಟು ನೂರು ಅಂದರೆ ಹದಿನೆಂಟು ನೂರು,
ನೀರು ತಳ್ಳಿದರೂ, ತಡೆದರೂ.

ಇಳಿತದ ಜೊತೆ ಹೊರಕ್ಕೆ: ನಾಲ್ಕು ನಿಮಿಷ.
ಕಾಂಡ್ಲದ ದಂಡೆ ಓಡಿಹೋಯಿತು. ಏಳೂವರೆ ನಾಟ್.
ತಿರುಗಿ, ಇಳಿತಕ್ಕೆ ಎದುರಾಗಿ:
ಆರು ನಿಮಿಷ ನಲವತ್ತು ಸೆಕೆಂಡು.
ಅದೇ ಎಂಜಿನ್, ಅದೇ ಕೂಗು,
ಟವರ್ ಮಾತ್ರ ಮಿನಾರಿನ ಬೆನ್ನು ಬಿಟ್ಟು ಕದಲದು.
ನಾಲ್ಕೂವರೆ.
ಲಾಗಿನ ಪರದೆಯಲ್ಲಿ ಹೋಗುವಾಗಲೂ ಬರುವಾಗಲೂ
ಐದು ಪಾಯಿಂಟ್ ಎರಡು.
ಗಾಲಿಗೆ ದಡ ಗೊತ್ತಿಲ್ಲ. ತನ್ನನ್ನು ಸವರಿಹೋದ ನೀರಷ್ಟೇ ಗೊತ್ತು.

ಕೂಡಿಸಿ ಅರ್ಧ ಮಾಡು, ಊಟಕ್ಕೆ ಹೋಗೋಣ,
ಎನ್ನುತ್ತಾನೆ ದಾದ್ ರಹೀಮ್, ತಲೆಬಟ್ಟೆ ಹಿಂಡುತ್ತ.
ಆಗುವುದಿಲ್ಲ. ನಾವು ತಿರುಗುವಷ್ಟರಲ್ಲಿ
ಇಳಿತವೂ ಸ್ವಲ್ಪ ಬೇರೆಯಾಗಿರುತ್ತದೆ.
ಅದಕ್ಕೇ ಮೂರನೆಯ ಸಲ, ಮತ್ತೆ ಹೊರಕ್ಕೆ:
ನಾಲ್ಕು ನಿಮಿಷ ಹತ್ತು ಸೆಕೆಂಡು. ಏಳು ಪಾಯಿಂಟ್ ಎರಡು.
ನೀರಿನ ರಟ್ಟೆ ಸೋಲತೊಡಗಿದೆ.

ಇನ್ನು ಲೆಕ್ಕ. ಮೊದಲನೆಯದು ಒಂದು ಸಲ, ಕೊನೆಯದು ಒಂದು ಸಲ,
ಮಧ್ಯದ್ದು ಎರಡು ಸಲ. ನಾಲ್ಕರಿಂದ ಭಾಗಿಸು.
ಕಲಿಸಿದವ ಹೆರಿಯಣ್ಣ, ಗಂಗೊಳ್ಳಿಯವ,
ಸಿಗರೇಟ್ ಪ್ಯಾಕು ಹರಿದು ಒಳಮೈಯಲ್ಲಿ ಬರೆದು:
"ಎದ್ರ್ ಹೋದದ್ದನ್ನ ಎರ್ಡ್ ಸಲ ಹಿಡಿ ಮಾರಾಯ.
ಒಂದೇ ಸಲ ಹಿಡ್ದ್ರೆ ನೀರ್ ನಿನ್ ಲೆಕ್ಕ ತಿಂತ್."

ಐದು ಪಾಯಿಂಟ್ ಒಂಬತ್ತು ಮೂರು.
ಪರದೆ ಹೇಳಿದ್ದಕ್ಕೆ ನೂರಕ್ಕೆ ಹದಿನಾಲ್ಕು ಸೇರಿಸಬೇಕು.
ತೊಳೆದ ಮೇಲೂ ಇಷ್ಟು.
ಚಿಪ್ಪು ಹೊತ್ತು ತಿರುಗುತ್ತಿದ್ದಾಗ ಎಷ್ಟೋ.

ಮೂರು ವರ್ಷ ಇದೇ ಬೋಟು ನಡೆಸಿದ್ದ.
ಹೋದ ದೂರ ಕಮ್ಮಿ, ಕುಡಿದ ಡೀಸೆಲ್ ಜಾಸ್ತಿ, ಎಂದರು ಆಫೀಸಿನವರು.
ನಡುವೆ ಎಲ್ಲೋ ನಿಲ್ಲಿಸಿ ಮಾರಿದ್ದೀಯ, ಎಂದರು.
ಲಾಗ್ ತಪ್ಪು, ಅಳತೆಗೆ ಒಂದು ಸಲ ಓಡಿಸಿ ನೋಡಿ, ಎಂದ.
ಮಷಿನು ಸುಳ್ಳು ಹೇಳುತ್ತದೆಯೇ, ಎಂದು ನಕ್ಕರು.
ನಾನೂ ಆ ಕೋಣೆಯಲ್ಲಿದ್ದೆ. ನಗಲಿಲ್ಲ.
ಬಾಯಿಯನ್ನೂ ಬಿಡಲಿಲ್ಲ.
ಟೂಲ್‌ಬಾಕ್ಸ್ ತೊಡೆಯ ಮೇಲಿತ್ತು, ಎಸಿ ತಣ್ಣಗಿತ್ತು,
ನನ್ನ ವೀಸಾಕ್ಕೆ ಇನ್ನೂ ಎರಡು ತಿಂಗಳಿತ್ತು.

ಗುಂಡಿ ಒತ್ತಿ 1.00 ಇದ್ದದ್ದನ್ನು 1.14 ಮಾಡಿದೆ.
ಉಳಿಸಲೇ, ಎಂದು ಕೇಳಿತು ಪರದೆ.
ಹೌದು, ಎಂದೆ.
ಹಿಂದಿನ ಮೈಲಿಗಳನ್ನು ಅದು ಮುಟ್ಟುವುದಿಲ್ಲವಂತೆ;
ಕೈಪಿಡಿಯಲ್ಲಿ ಇದೆ, ಸಣ್ಣ ಅಕ್ಷರದಲ್ಲಿ.

ಜೆಟ್ಟಿಗೆ ಬಂದು, ಇಳಿತಕ್ಕೆ ಮೂತಿ ಕೊಟ್ಟು ಬೋಟು ಕಟ್ಟಿದೆವು.
ಎಂಜಿನ್ ಆರಿಸಿದ ಮೇಲೂ ಲಾಗ್ ತೋರಿಸುತ್ತಿತ್ತು: ಒಂದು ಪಾಯಿಂಟ್ ಒಂದು.
ದಾದ್ ರಹೀಮ್ ಹಗ್ಗ ಜಗ್ಗಿ ನೋಡಿ ನಕ್ಕ.
ಲಾಗ್‌ಬುಕ್ಕಿನ ಪುಟದ ಫೋಟೋ ತೆಗೆದು
ಗಂಗೊಳ್ಳಿಗೆ ಕಳಿಸಿದೆ. ಏನೂ ಬರೆಯಲಿಲ್ಲ.
ಹನ್ನೊಂದು ತಿಂಗಳಲ್ಲಿ ಮೊದಲ ಸಲ.

ನಾನು ಬಕೆಟ್ಟಿನಲ್ಲಿ ಒಳನೀರು ಮೊಗೆದು ಚೆಲ್ಲುವಷ್ಟರಲ್ಲಿ
ಉತ್ತರ ಬಂತು, ಒಂದೇ ಸಾಲು:

ಮಧ್ಯದ್ ಎರ್ಡ್ ಸಲ ಹಿಡ್ದ್ಯಾ?