ಗಾಜಿನ ಆ ಕಡೆ

ಮುದಗಲ್ಲಿನಿಂದ ಬಂತು, ಹಳೇ ಇಳಕಲ್ ಸೀರೆ ಸುತ್ತಿಕೊಂಡು,
ಬಸ್ಸಿನಲ್ಲಿ ಒಬ್ಬಳ ತೊಡೆಯ ಮೇಲೆ ಕೂತು.
'ಚೌಕಟ್ಟು ಹುಳ ತಿಂದಾವ ಖಾಜಾಸಾಬ್ರ,
ಹೊಸಾದು ಹಾಕ್ರಿ. ಗಾಜು ಮಾತ್ರ ಜ್ವಾಕಿ,
ಇದರಾಗ ನಮ್ಮ ಆಯಿ ಅದಾಳ.'

ತೀನ್ ಕಂದೀಲಿನ ನನ್ನ ಅಂಗಡಿಯಲ್ಲಿ
ದೇವರಿಗೂ ಕಟ್ಟು ಹಾಕುತ್ತೇನೆ, ಸರ್ಟಿಫಿಕೇಟಿಗೂ,
ಸತ್ತವರ ಫೋಟೋಗೂ. ಅಳೆಯುವ ಪಟ್ಟಿ ಒಂದೇ.
ಗಾಜೆಂದರೆ ನನಗೆ ಚಿತ್ರದ ಮುಂದೆ ಇಡುವ ವಸ್ತು.
ಇಲ್ಲಿ ಗಾಜೇ ಚಿತ್ರ,
ಅದರ ಬೆನ್ನಿಗೆ ಬಣ್ಣ.

ಬರೆದವ ಯಾರೋ. ಅವನದು ತಿರುಗುಮುರುಗು ಕೆಲಸ:
ಎಲ್ಲರೂ ಕೊನೆಗೆ ಇಡುವುದನ್ನು ಮೊದಲು ಇಡಬೇಕು.
ಮೊದಲು ಸಹಿ, ಅದೂ ಕನ್ನಡಿಯಲ್ಲಿ ಕಂಡಂತೆ.
ಆಮೇಲೆ ಕಣ್ಣೊಳಗಿನ ಬಿಳಿ ಚುಕ್ಕಿ,
ಅದರ ಮೇಲೆ ಕಪ್ಪು.
ಹೊಳಪಾದ ಮೇಲೆ ಮೂಗುಬಟ್ಟು,
ಮೂಗುಬಟ್ಟಾದ ಮೇಲೆ ಮೂಗು.
ಕೆನ್ನೆ ಬಳಿದ ಮೇಲೆ ಕಣ್ಣು ತಿದ್ದಲು ಬರುವುದಿಲ್ಲ.
ಕೊನೆಗೆ ಹಸಿರು ಪರದೆ, ಎಲ್ಲದರ ಹಿಂದೆ.
ಅಲ್ಲಿಗೆ ಅವನ ಪಾಲಿಗೆ ಹೆಂಗಸು ಮುಚ್ಚಿಹೋದಳು.

ಮೊಳೆ ಕಿತ್ತೆ. ಹಲಗೆಯ ಕೆಳಗೆ
ಹತ್ತಿ ಅಡತಿಯ ಉರ್ದು ಲೆಕ್ಕದ ಹಾಳೆ,
ಇಷ್ಟು ಮಣ, ಇಷ್ಟು ಸೇರು. ಒಣಗಿದ ಒಂದು ಜಿರಲೆ.

'ಎಷ್ಟು ಚೆಂದ ಎಲಿ ಹಿಡದಾಳ ನೋಡ್ರಿ'
ಅಂದಳು ಮೊಮ್ಮಗಳು ಗಂಗಮಾಳಮ್ಮ,
'ಖರೇ ಅಂದ್ರ ಆಕಿ ಎಡಚಿ.
ಎಡಗೈಲೆ ಬಡಿಸಿದಳಂತ ಮಾವ ಮೂರು ದಿನ ಉಣ್ಣಲಿಲ್ಲಂತ.
ಆಮ್ಯಾಲೆ ಆ ಕೈಗೆ ಅರಿವಿ ಕಟ್ಟಿ ಬಿಟ್ಟಿದ್ರಂತ,
ರೂಢಿ ಆಗಲಿ ಅಂತ.'

ಚಿತ್ರದಲ್ಲಿ ಬಲಗೈ.
ವೀಳ್ಯದೆಲೆ ಹಿಡಿದ ಅಚ್ಚುಕಟ್ಟು ಬಲಗೈ.
ತಿರುಗಿಸಲು ಮರೆತನೇ ಪುಣ್ಯಾತ್ಮ?
ಮೂಗುಬಟ್ಟು ನೋಡಿದೆ, ಎಡಕ್ಕೇ ಇದೆ.
ಸೆರಗೂ ಸರಿ. ಮರೆಯುವ ಮನುಷ್ಯನಲ್ಲ.
ಹೇಳಿ ಬರೆಸಿದ್ದಾರೆ.

ಹಸಿರು ಅಲ್ಲಲ್ಲಿ ಉದುರಿತ್ತು. ಬಾಗಿಲಿಗೆ ಬಂದು
ಗಾಜನ್ನು ಬಿಸಿಲಿಗೆ ಹಿಡಿದೆ, ಬೆನ್ನು ನನ್ನ ಕಡೆ.
ರಾಯಚೂರಿನ ಬಿಸಿಲು, ಹೇಳಬೇಕೆ,
ಸೀರೆ ಮೈ ಎಲೆ ಎಲ್ಲ ತೂರಿ ಈಚೆ ಬಂತು.
ಮೂಗುಬಟ್ಟು ತಪ್ಪು ಹೊಳ್ಳೆಯಲ್ಲಿ,
ಸೆರಗು ತಪ್ಪು ಹೆಗಲ ಮೇಲೆ,
ಸಹಿ ಇರುವೆ ಸಾಲು.
ಕೈ ಒಂದು ಮಾತ್ರ
ಎಡಗೈ.

ಬರೆದವ ಕೂತಿದ್ದು ಈ ಕಡೆ.
ಪರದೆ ಬಳಿಯುವ ತನಕ, ಅದೆಷ್ಟು ದಿನವೋ,
ಅಷ್ಟೂ ದಿನ ಅವನಿಗೆ
ಎಡಗೈಯಲ್ಲೇ ಎಲೆ ಕೊಟ್ಟಿದ್ದಾಳೆ.

'ಏನ್ರೀ, ಸೀಳು ಬಿಟ್ಟೈತೇನ್ರಿ?'
'ಇಲ್ಲವ್ವ.
ಬಾ ಇಲ್ಲಿ, ಈ ಕಡೆ ನಿಂದ್ರು.'