ಹದಿನೆಂಟು ವಾಟ್

ಫಲಜ್ ಅಲ್ ಕಬಾಯಿಲ್‌ನ ಕ್ಯಾಂಪಿನಲ್ಲಿ ನಾನು ಲೆಕ್ಕದವನು.
ಜುಲೈ. ರಾತ್ರಿ ಹತ್ತಕ್ಕೂ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು.
ಮಸ್ಕತ್ತಿನ ಆಫೀಸಿನಿಂದ ಹೊಸ ಫಾರಂ ಬಂದಿದೆ:
ತಿಂಗಳಿಗೆ ಕ್ಯಾಂಪು ತಿಂದ ಶಕ್ತಿಯನ್ನೆಲ್ಲ
ಒಂದೇ ಮಾನದಲ್ಲಿ ಬರೆಯಿರಿ, ಗಿಗಾಜೌಲ್‌ನಲ್ಲಿ.

ಇಲ್ಲಿ ಒಂದೊಂದಕ್ಕೆ ಒಂದೊಂದು ಭಾಷೆ ಮಾರಾಯ್ರೆ.
ಕರೆಂಟು ಯೂನಿಟ್ಟಿನಲ್ಲಿ ಮಾತಾಡುತ್ತದೆ,
ಅಡುಗೆಯ ಗ್ಯಾಸು ಕಿಲೋದಲ್ಲಿ, ಡೀಸೆಲ್ಲು ಲೀಟರಿನಲ್ಲಿ.
ಏಸಿಯ ಬೆನ್ನಿನ ಚೀಟಿಯಲ್ಲಿ ಬಿಟಿಯು:
ಒಂದು ಪೌಂಡು ನೀರಿಗೆ ಒಂದು ಡಿಗ್ರಿ ಫ್ಯಾರನ್‌ಹೀಟ್,
ಸುಮಾರು ಒಂದು ಬೆಂಕಿಕಡ್ಡಿ ಉರಿದಷ್ಟು.
ತಂಪಿನ ಯಂತ್ರವನ್ನು ಬೆಂಕಿಕಡ್ಡಿಯಲ್ಲಿ ಅಳೆದವನು
ಯಾವ ಊರಿನವನೋ.

ಒಂದೂವರೆ ಟನ್ ಎಂದರೆ ಯಂತ್ರದ ತೂಕ ಎಂದುಕೊಂಡಿದ್ದೆ ಬಹಳ ಕಾಲ.
ಅಲ್ಲ, ಮಂಜುಗಡ್ಡೆಯ ತೂಕವಂತೆ.
ದಿನವಿಡೀ ಅಷ್ಟು ಕರಗಿದರೆ ಎಷ್ಟು ತಂಪೋ ಅಷ್ಟು.
ಹದಿನಾಲ್ಕನೇ ಕೋಣೆಯ ಎಂಟು ಮಂಚಗಳ ನಡುವೆ
ಯಾರ ಕಾಲೂ ಒದ್ದೆಯಾಗದಂತೆ
ಒಂದು ಟೆಂಪೊ ಮಂಜುಗಡ್ಡೆ ದಿನಾ ಕರಗುತ್ತದೆ.
ಮೇಲಿನ ಮಂಚದವನು ಆದರೂ ಬೆವರುತ್ತಾನೆ.

ಬೈಂದೂರಿನಲ್ಲಿ ದೊಡ್ಡಪ್ಪನಿಗೆ ಅಕ್ಕಿಯಂಗಡಿ ಇತ್ತು.
ಮುಡಿ ಕಳಸಿಗೆ ಸೇರು ಹೋಗಿ ಕಿಲೋ ಬಂದಾಗ
ಗೋಡೆಗೆ ಕೋಷ್ಟಕ ಅಂಟಿಸಿ ಹೇಳಿದ್ದನಂತೆ:
ಒಂದು ಅಳತೆಯಿಂದ ಇನ್ನೊಂದಕ್ಕೆ ಸುರಿಯುವಾಗ
ಹಿಡಿ ಅಕ್ಕಿ ಚೆಲ್ಲಲೇಬೇಕು, ಅದು ಅಂಗಡಿಯವನದ್ದು.
ಇಲ್ಲಿನ ಜನರೇಟರಿಗೂ ಆ ವಿದ್ಯೆ ಗೊತ್ತು.
ಒಂದು ಲೀಟರಿನಲ್ಲಿ ಹತ್ತು ಯೂನಿಟ್ ಕುಡಿದು ಮೂರು ಕೊಡುತ್ತದೆ,
ಉಳಿದ ಏಳನ್ನು ಆಕಾಶಕ್ಕೆ ಉಗುಳುತ್ತದೆ.
ಜುಲೈ ಆಕಾಶಕ್ಕೆ ಅದೊಂದು ಕಡಿಮೆಯಾಗಿತ್ತು.

ಊಟದ ಗುತ್ತಿಗೆಯ ಕಾಗದ ತೆಗೆದೆ:
ತಲೆಗೆ ಎರಡು ಸಾವಿರದ ಎಂಟುನೂರು ಕ್ಯಾಲೊರಿ.
(ನಿಜಕ್ಕೆ ಕಿಲೋಕ್ಯಾಲೊರಿ. ಊಟದವರು ಕಿಲೋವನ್ನು ನುಂಗಿರುತ್ತಾರೆ.)
ಇದನ್ನೂ ಸೇರಿಸಲೇ ಎಂದು ಫೋನಿನಲ್ಲಿ ಕೇಳಿದರೆ
ಎಂಜಿನಿಯರ್ ವಾಇಲ್ ನಕ್ಕರು. ಅದಕ್ಕೆ ಕಾಲಂ ಇಲ್ಲ.
ಇಲ್ಲದ್ದಕ್ಕೇ ಮಾಡಿ ನೋಡಿದೆ: ಮೂರೂಕಾಲು ಯೂನಿಟ್.
ಒಬ್ಬನ ಚಹಾ, ಕುಬೂಸ್, ಬೇಳೆಸಾರು, ಶುಕ್ರವಾರದ ಕೋಳಿಕಾಲು
ಎಲ್ಲ ಉರಿಸಿದರೂ
ಆ ಏಸಿ ಎರಡು ಗಂಟೆ ಓಡದು.

ಲೆಚ್ಮಯ್ಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಗೆದ ಬನಿಯನ್ನು.
ಕರೀಂನಗರದವನು, ಸರಳು ಕಟ್ಟುವವನು.
ಸೈಟಿನಲ್ಲಿ ಹಾಯಿಸ್ಟ್ ಕೆಟ್ಟು ಮೂರು ದಿನ.
ಇವತ್ತು ಐವತ್ತು ಕಿಲೋದ ಹೊರೆ, ನಲವತ್ತು ಸಲ,
ಹನ್ನೆರಡು ಮೀಟರ್ ಮೇಲಕ್ಕೆ, ಹೆಗಲಲ್ಲೇ.
ನನ್ನದೆಷ್ಟಾಯಿತು ಸಾರ್, ನಿಮ್ಮ ಮಿಷನ್ನಿನಲ್ಲಿ ನೋಡಿ.

ನೋಡಿದೆ.
ಎರಡು ಲಕ್ಷ ಮೂವತ್ತೈದು ಸಾವಿರ ಜೌಲ್.
ಅವನ ಮುಖ ಅರಳಿತು. ಲಕ್ಷ ಎಂದರೆ ಲಕ್ಷವೇ ಅಲ್ಲವೇ.
ಅಲ್ಲಿಗೇ ಬಿಡಬಹುದಿತ್ತು ನಾನು.
ಆದರೆ ಕೈಗೆ ಚಟ, ಮೂವತ್ತಾರು ಲಕ್ಷದಿಂದ ಭಾಗಿಸಿತು:
ಯೂನಿಟ್ಟಿನ ಹದಿನೈದನೇ ಒಂದು ಪಾಲು.
ಅಂದರೆ? ಅಂದರೆ, ಬಚ್ಚಲಿನ ಹೊರಗಿದೆಯಲ್ಲ,
ಹದಿನೆಂಟು ವಾಟಿನ ಆ ಟ್ಯೂಬ್‌ಲೈಟು,
ಅದು ಮೂರೂವರೆ ಗಂಟೆ ಉರಿದಷ್ಟು.

ಸುಮ್ಮನಾದ. ಬನಿಯನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು.
ಆಮೇಲೆ ಕೇಳಿದ, ಸರಳು ಮಾತ್ರ ಹತ್ತಿತೇ ಸಾರ್?
ನಾನೂ ಹತ್ತಲಿಲ್ಲವೇ ಅದರ ಜೊತೆ?

ಹೌದಲ್ಲ. ತೂಕ ಕೇಳಿದೆ. ಅರವತ್ತು.
ಮೈಯನ್ನೂ ಹಾಕಿ ಮತ್ತೆ ಗುಣಿಸಿದೆ, ಭಾಗಿಸಿದೆ.
ಎಂಟು ಗಂಟೆ. ಹೆಚ್ಚು ಕಡಿಮೆ ಸರಿಯಾಗಿ ಎಂಟು.
ಇಳಿದ ಮೆಟ್ಟಿಲುಗಳಿಗೆ, ಹೊರೆ ಹೊತ್ತು ಸುಮ್ಮನೆ ನಿಂತದ್ದಕ್ಕೆ,
ಬೋಳು ಬಿಸಿಲಿಗೆ
ಭೌತಶಾಸ್ತ್ರ ಒಂದು ಜೌಲನ್ನೂ ಕೊಡುವುದಿಲ್ಲ.
ಗಿಗಾಜೌಲ್‌ಗೆ ತಂದು ಎರಡು ದಶಾಂಶಕ್ಕೆ ಸರಿಮಾಡಿದರೆ
ಅವನು ಸೊನ್ನೆ. ಅದನ್ನು ಹೇಳಲಿಲ್ಲ.

ಎಂಟು ಗಂಟೆ ಎಂದರೆ ಒಂದು ರಾತ್ರಿ ಆಯ್ತು, ಎಂದ.
ಹೋಗಿ ಬಚ್ಚಲಿನ ಹೊರಗಿನ ಸ್ವಿಚ್ಚು ಒತ್ತಿದ.
ಇವತ್ತಿನದು ಉಳಿಯಿತು ಸಾರ್,
ನಾಳೆ ರಜಾ.

ಕತ್ತಲಲ್ಲಿ ಯಾರೋ ಬಕೆಟ್ಟಿಗೆ ಎಡವಿ
ಬಂಗಾಳಿಯಲ್ಲಿ ಬೈದರು.